ಗೈಬುಸಾಬನ ನೇರಳೆ ನಾಲಗೆ

ದೇವರು ಗೈಬುಸಾಬನಿಗೆ ಬೆರಳು ಕೊಟ್ಟದ್ದು ದರ ಹೇಳಲು, ನಾಲಗೆ ಕೊಟ್ಟದ್ದು ಉಳಿದದ್ದನ್ನೆಲ್ಲ ಹೇಳಲು. ಇಂಡಿ ಊರಿನ ದನದ ಸಂತೆಯಲ್ಲಿ ಅವನು ದಲಾಲಿ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಲೇ ಬಾಯಲ್ಲಿ ಎತ್ತಿನ ವಂಶಾವಳಿಯನ್ನು ಬಿಚ್ಚುತ್ತಿದ್ದ. ಅಂಥ ನಾಲಗೆಗೇ ಗಾಯವಾಯಿತು.

ಆದದ್ದೂ ಮಾತಿನಿಂದಲೇ. ಹೋರಿಯೊಂದನ್ನು ಹೊಗಳುವ ಭರದಲ್ಲಿ ಎಲೆಗೆ ಮೂರು ಸಲ ಸುಣ್ಣ ಹಚ್ಚಿಕೊಂಡು ಬಾಯಿಗಿಟ್ಟ, ನಾಲಗೆ ಸುಟ್ಟಿತು. ಹೆಂಡತಿ ರೋಷನಬಿ ಜೇನುತುಪ್ಪ ಸವರಿದಳು, ಚಪ್ಪರಿಸಿ ನುಂಗಿದ. ಕಾಚು ಅರೆದು ಹಚ್ಚಿದಳು, "ಕಾಚು ಸೈ, ಎಲಿ ಎಲ್ಲೈತಿ?" ಎಂದ. ಜಾಲಿ ತೊಗಟೆಯ ಕಷಾಯ ಕೊಟ್ಟರೆ, ಮುಕ್ಕಳಿಸುವಾಗಲೂ ಮಾತಾಡಿ ಅಂಗಿ ತೋಯಿಸಿಕೊಂಡ. ಕೊನೆಗೆ ದವಾಖಾನೆಯ ಕಂಪೌಂಡರ್ ಗುರುಲಿಂಗಪ್ಪ ನಾಲಗೆಗೆ ನೇರಳೆ ಬಣ್ಣದ ಔಷಧ ಬಳಿದು, ಬಾಟ್ಲಿ ಕೈಗಿಟ್ಟ.

"ದಿನಾ ಮುಂಜಾನೆ ಹಚ್ಚರಿ. ಔಷಧ ನಿಲ್ಲಬೇಕಂದ್ರ ಮಾತು ಬಂದ್."

ರೋಷನಬಿಗೆ ಕಂಪೌಂಡರ್ ಸಾಕ್ಷಾತ್ ಪೀರನಾಗಿ ಕಂಡ. ಮರುದಿನವೇ ಮಗಳು ನಜಮಾಳನ್ನು ನೋಡಲು ಹೊರ್ತಿ ಊರಿನವರು ಬರುವವರಿದ್ದರು. ಹಿಂದಿನ ಎರಡು ಸಂಬಂಧ ಈ ಮಹಾಶಯನ ಬಾಯಿಂದಲೇ ಮುರಿದಿದ್ದವು. (ಒಬ್ಬ ವರನಿಗೆ ಹಲ್ಲು ತೋರಿಸೆಂದಿದ್ದ; ಇನ್ನೊಬ್ಬನಿಗೆ ಅಂಗಳದಲ್ಲಿ ಎರಡು ಸುತ್ತು ನಡೆದು ತೋರಿಸೆಂದಿದ್ದ.) ಈ ಹುಡುಗನಂತೂ ಉರುಸಿನಲ್ಲಿ ಕಂಡಾಗಲೇ ನಜಮಾಳ ಮನಸ್ಸಿಗೆ ಬಂದುಬಿಟ್ಟಿದ್ದ.

"ನಾಳಿ ತಲಿ ಅಷ್ಟ ಅಲ್ಲಾಡಸ್ರಿ," ಎಂದಳು ರೋಷನಬಿ. "ಬಾಯಿ ಬಿಟ್ರ ನಾ ತಾಳಿಕೋಟಿಗೆ ನಮ್ಮಣ್ಣನ ಮನಿಗೆ ಹೋಗ್ತೇನಿ."

ಬೀಗರು ಬಂದರು. ಹುಡುಗನ ಹೆಗಲು ಅಗಲವಾಗಿತ್ತು, ಕಾಲು ಗಟ್ಟಿಯಾಗಿದ್ದವು. ಗೈಬುಸಾಬನ ನಾಲಗೆ ತುರಿಸಿತು. ಟವೆಲ್ಲಿನೊಳಗೆ ತನ್ನ ಬೆರಳನ್ನು ತಾನೇ ಚಿವುಟಿಕೊಳ್ಳುತ್ತ ತಲೆಯಾಡಿಸಿದ.

ಹುಡುಗನ ತಾಯಿ ಜೋಹರಾಬಿಗೆ ಸಮಾಧಾನವಾಯಿತು. "ಹುಡುಗಿ ಅಪ್ಪ ಭಾಳ ಮಾತಾಡ್ತಾನಂತ ಕೇಳಿ, ಒಲ್ಲೆ ಅನ್ನಾಕ ಬಂದಿದ್ನಿ. ಎಷ್ಟ ತಣ್ಣನ ಮನಷ್ಯಾ ಅದಾನ. ಬಾಯಿ ತಗೀರಿ ಬೀಗರ, ಸಕ್ಕರಿ ಹಾಕ್ತೇನಿ."

ಬಾಯಿಗೆ ಸಕ್ಕರೆ ಬಿದ್ದರೆ ಸಂಬಂಧ ಗಟ್ಟಿ. ಗೈಬುಸಾಬ ಬಾಯಿ ತೆರೆದ. ಒಳಗೆಲ್ಲ ನೇರಳೆ. ಜೋಹರಾಬಿಯ ಕೈ ಅಲ್ಲೇ ನಿಂತಿತು.

"ಸುಣ್ಣ ಸುಟ್ಟೈತ್ರಿ," ರೋಷನಬಿ ತಡವರಿಸಿದಳು. "ಔಷಧ ಹಚ್ಚೇವಿ. ಮಾತಾಡಬಾರದಂತ."

"ಅಂದ್ರ, ಈ ಸುಮ್ಮನ ಕುಂತಿದ್ದು ಔಷಧದ ಗುಣ?"

"ಹೌದ್ರಿ."

"ಎಷ್ಟ ದಿನ ಹಚ್ಚತೀರಿ?"

ಬಾಗಿಲ ಹಿಂದೆ ನಜಮಾ ಕಿವಿಗೊಟ್ಟು ನಿಂತಿದ್ದಳು. ಅವಳ ಸೆರಗಿನ ಅಂಚು ರೋಷನಬಿಯ ಕಣ್ಣಿಗೆ ಬಿತ್ತು. "ಮದಿವಿ ಮುಗಿಯೂತನಕ ಹಚ್ಚತೇವ್ರಿ," ಎಂದಳು.

ಜೋಹರಾಬಿ ಸಕ್ಕರೆ ಹಾಕಿದಳು.

ಐದನೆಯ ದಿನ ಗಾಯ ಪೂರ್ತಿ ಮಾಯಿತು. ಗೈಬುಸಾಬ ಕನ್ನಡಿಯಲ್ಲಿ ನಾಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಕುಣಿಯುತ್ತ ಅಡಿಗೆಮನೆಗೆ ಬಂದ. "ಗಾಯ ಮಾಯ್ದೈತಿ ನೋಡ. ಸಂತಿಗೆ ಹೊಂಟೆ."

"ಮದಿವಿಗೆ ಇನ್ನೂ ಮೂರು ತಿಂಗಳೈತಿ," ಎಂದು ರೋಷನಬಿ ಅವನ ಗದ್ದ ಹಿಡಿದಳು. "ಆ ಅನ್ರಿ."

ಗೈಬುಸಾಬ ಮಗಳ ಕಡೆ ತಿರುಗಿದ. ಅಪ್ಪನ ಮಾತೆಂದರೆ ಜೀವ ಬಿಡುವ ನಜಮಾ ಆಗಲೇ ಬಾಟ್ಲಿಯ ಬಿರಡೆ ತೆಗೆದು, ಹತ್ತಿ ಅದ್ದಿ ನಿಂತಿದ್ದಳು.