ಹಾರನ್ ಕೊಟ್ಟು ಫ್ಯಾನ್ ತಿರುಗಿಸಿದವರು

ನಮ್ಮ ಭಾವನವರಿಗೆ, ಅಂದರೆ ನನ್ನ ಯಜಮಾನರ ಅಣ್ಣನಿಗೆ, ಕೆಟ್ಟುಹೋದ ವಸ್ತುಗಳ ಮೇಲಿರುವ ಅಕ್ಕರೆ ನೆಟ್ಟಗಿರುವ ಮನುಷ್ಯರ ಮೇಲಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಆ ದಿನ ಬೆಳಿಗ್ಗೆಯೂ ಎಂದಿನಂತೆ ಡಿಕಾಕ್ಷನ್ ಇಳಿಸಿ, ಚಟ್ನಿಗೆ ಮಿಕ್ಸಿಯ ಗುಂಡಿ ಒತ್ತಿ ಹಿಡಿದುಕೊಂಡು ನಿಂತಿದ್ದೆ. ಕೈಬಿಟ್ಟರೆ ಮಿಕ್ಸಿ ನಿಲ್ಲುತ್ತದೆ. ಅದಕ್ಕೆ ಅವರು ಹಾಕಿರುವುದು ಕಾಲಿಂಗ್ ಬೆಲ್ಲಿನ ಸ್ವಿಚ್ಚು! ಹಾಗಾದರೆ ಬೆಲ್ಲಿಗೆ? ನಂಜನಗೂಡಿನ ನಮ್ಮ ಮನೆಗೆ ಬರುವವರೆಲ್ಲ ಕಿಟಕಿ ಬಡಿಯುತ್ತಾರೆ.

ಅಂದು ಅಕ್ಕನಿಗೆ, ಅಂದರೆ ಭಾವನವರ ಹೆಂಡತಿಗೆ, ಪರೀಕ್ಷೆ. ಮದುವೆಗೆ ಮುಂಚೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದೇ ಉಳಿದುಹೋಗಿತ್ತು. ಈಗ ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದು. ಪರೀಕ್ಷಾ ಕೇಂದ್ರ ತಿ. ನರಸೀಪುರದಲ್ಲಿ ಬಿದ್ದಿತ್ತು.

"ಬಸ್ಸಿಗೇ ಹೋಗ್ತೀನಿ ಕಣ್ರೀ," ಎಂದರು ಅಕ್ಕ.

"ಈ ವಯಸ್ಸಲ್ಲಿ ಪರೀಕ್ಷೆ ಬರೆಯೋದೇ ತಮಾಷೆ. ಅದನ್ನ ಬಸ್ಸಲ್ಲಿ ನಿಂತ್ಕೊಂಡು ಊರಿಗೆಲ್ಲ ತೋರಿಸ್ಬೇಕಾ? ಹತ್ತು," ಎಂದು ಭಾವನವರು ಕಾರಿನ ಬಾಗಿಲು ತೆಗೆದರು.

ಜೊತೆಗಿರಲೆಂದು ನಾನೂ ಹತ್ತಿದೆ. ಅರ್ಧ ದಾರಿಯಲ್ಲಿ ಕಾರಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಬಾನೆಟ್ ಎತ್ತಿದರೆ ಹಬೆ. ರೇಡಿಯೇಟರಿನ ಫ್ಯಾನುಗಳೆರಡೂ ಮುನಿಸಿಕೊಂಡವರಂತೆ ನಿಂತಿದ್ದವು. ಅಕ್ಕನ ಮುಖ ಬಿಳುಪೇರಿದರೆ ಭಾವನವರ ಮುಖ ಅರಳಿತು.

ಹಿಂದಿನಿಂದ ಬಂದ ಎತ್ತಿನಗಾಡಿಯವನು ನಿಲ್ಲಿಸಿದ. "ಯಾಕ್ಸಾ, ಕಾಯ್ತಾ? ನಮ್ಮೆತ್ತಿಗೆ ಫ್ಯಾನ್ ಬ್ಯಾಡ ಕಣಿ, ಬಾಲ ಸಾಕು."

"ನಿನ್ನೆತ್ತು ಪರೀಕ್ಷೆ ಹೊತ್ತಿಗೆ ನರಸೀಪುರ ಮುಟ್ಟುತ್ತೇನಯ್ಯ?"

"ಮುಟ್ಟೋದೇನೋ ಮುಟ್ತದೆ ಸಾ. ಇವತ್ತಿನ ಪರೀಕ್ಷೆಗೋ, ಮುಂದಿನ್ ವರ್ಸದ್ಕೋ ಏಳಾಕಾಗಕಿಲ್ಲ."

ಅಕ್ಕ ಆಗಲೇ ಚೀಲ ಹಿಡಿದು ಗಾಡಿಯ ಕಡೆ ಹೊರಟಿದ್ದರು.

"ಸುಮ್ನೆ ಕೂತ್ಕೋ," ಎಂದು ಭಾವನವರು ಫ್ಯೂಸ್ ತೆಗೆದು ಬೆಳಕಿಗೆ ಹಿಡಿದರು. ಸರಿಯಾಗಿತ್ತು. ಬ್ಯಾಟರಿಯಿಂದ ನೇರ ವೈರು ಮುಟ್ಟಿಸಿದರೆ ಫ್ಯಾನುಗಳು ಗಿರ್ರೆಂದವು. "ಫ್ಯಾನ್ ಗಟ್ಟಿ. ಕರೆಂಟ್ ಬಿಡೋ ರಿಲೇ ಸತ್ತಿದೆ," ಎನ್ನುತ್ತ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಕಪ್ಪು ಡಬ್ಬಿ ಕಿತ್ತರು. ಪಕ್ಕದಲ್ಲೇ ಅಂಥದೇ ಇನ್ನೊಂದಿತ್ತು. ಅದನ್ನು ತೆಗೆದು ಇಲ್ಲಿಗೆ ಸಿಕ್ಕಿಸಿದರು. ಫ್ಯಾನ್ ತಿರುಗಿತು. ಇಂಜಿನ್ನಿನ ಜ್ವರ ಇಳಿಯುವವರೆಗೆ ಕಾದು ಹೊರಟೆವು.

"ಅದು ಯಾವುದರದ್ದು ಭಾವ?" ಎಂದೆ.

"ಹಾರನ್‌ದು. ಇನ್ಮೇಲೆ ನೀನೇ ಕೂಗಮ್ಮ. ನಿಮ್ಮಕ್ಕ ಪ್ರಮೇಯ ಉರು ಹೊಡೀತಿದ್ದಾಳೆ."

ಮೆಲ್ಲಗೆ ಮಾತಾಡುವುದನ್ನು ಕಾನ್ವೆಂಟಿನ ಸಿಸ್ಟರುಗಳು ನನಗೆ ಎಷ್ಟು ಕಷ್ಟಪಟ್ಟು ಕಲಿಸಿದ್ದರು! ದಾರಿಗೆ ಅಡ್ಡ ಬಂದ ಎಮ್ಮೆಗಳಿಗೆ ಕಿಟಕಿಯಿಂದ ಮೊದಲು "ಎಕ್ಸ್‌ಕ್ಯೂಸ್ ಮೀ" ಎಂದೆ. ಒಂದು ಎಮ್ಮೆ ತಿರುಗಿ ನೋಡಿ ಸಗಣಿ ಹಾಕಿತು. ಆಮೇಲೆ ನಾನು ಏನೇನು ಕೂಗಿದೆನೋ ಬರೆಯಲಾರೆ. ಅಕ್ಕ ಪ್ರಮೇಯ ಬಿಟ್ಟು ನಗತೊಡಗಿದರು. ನರಸೀಪುರ ಮುಟ್ಟುವವರೆಗೂ ನಗುತ್ತಲೇ ಇದ್ದರು.

ಶಾಲೆಯ ಗಂಟೆ ಬಾರಿಸುತ್ತಿರುವಾಗಲೇ ಅಕ್ಕ ಒಳಗೆ ಓಡಿದರು. ಭಾವನವರು ಒಂದು ಒಳ್ಳೆಯ ಮಾತಾದರೂ ಆಡಬಾರದೇ? ಬಾನೆಟ್ಟಿಗೆ ಕಿವಿಯಿಟ್ಟು, "ತಿರುಗ್ತಾ ಇದೆ," ಎಂದರು, ಅಷ್ಟೇ.

ಸಂಜೆ ಅಕ್ಕ ಪ್ರಶ್ನೆಪತ್ರಿಕೆ ಹರಡಿಕೊಂಡು, "ರೇಖಾಗಣಿತ ಒಂದೂ ಬಿಟ್ಟಿಲ್ಲ ಕಣೇ," ಎನ್ನುತ್ತಿದ್ದಾಗ ಪಕ್ಕದ ಮನೆಯ ಟೀಚರ್ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಅವರು ಕೆಲಸ ಮಾಡುವುದು ಅದೇ ನರಸೀಪುರದ ಶಾಲೆಯಲ್ಲಿ. ಬಟ್ಟಲು ಕೈಗೆ ತೆಗೆದುಕೊಳ್ಳುತ್ತ ಅಂದರು:

"ಓ, ಪರೀಕ್ಷೆ ಇವರದ್ದಾ? ವಾರದಿಂದ ನಿಮ್ಮ ಭಾವ ದಿನಾ ಬೆಳಿಗ್ಗೆ ಕಾರಲ್ಲಿ ನಮ್ಮ ಸ್ಕೂಲ್ ಗೇಟ್‌ವರೆಗೂ ಬರೋರು, ವಾಚ್ ನೋಡ್ಕೊಂಡು ಹಾಗೇ ವಾಪಸ್ ಹೋಗೋರು. ನಾನು ಪರೀಕ್ಷೆ ಅವರದ್ದೇ ಅಂದ್ಕೊಂಡಿದ್ದೆ ಕಣ್ರೀ."