ಗುಡದಪ್ಪ ಒಡೆದ ಕಿಟಕಿ

ಮೊರಬದ ಗುಡದಪ್ಪನಿಗೆ ಸತ್ತುಹೋದ ಅಜ್ಜನ ಮೇಲೆ ತಡೆಯಲಾರದ ಸಿಟ್ಟಿತ್ತು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ ಎಬ್ಬಿಸಿದ ಪುಣ್ಯಾತ್ಮ ಒಂದೇ ಒಂದು ಕಿಟಕಿ ಇಡಿಸಿರಲಿಲ್ಲ. ಮಾಳಿಗೆಯಲ್ಲಿ ಅಂಗೈಯಗಲದ ಬೆಳಕಿಂಡಿ. ಮಳೆ ಬಂದರೆ ಅದರ ಮೇಲೂ ಗಡಿಗೆ ಬೋರಲು. ಅಡಿಗೆಮನೆಯಲ್ಲಂತೂ ಹಾಡಹಗಲೇ ಅಮಾವಾಸ್ಯೆ. ಅಲ್ಲಿ ಒಂದರ ಮೇಲೊಂದು ಪೇರಿಸಿದ ಗಡಿಗೆಗಳಲ್ಲಿ, ಜಂತಿಗೆ ತೂಗುವ ನೆಲುವಿನಲ್ಲಿ ಏನೇನಿದೆಯೆಂದು ಬಲ್ಲವಳು ಹೆಂಡತಿ ರೇಣುಕವ್ವ ಒಬ್ಬಳೇ.

ಗುಡದಪ್ಪನ ಅನುಮಾನ ಆ ಕತ್ತಲೆಯದೇ. ತನ್ನ ರೊಟ್ಟಿಗೆ ನೆಲ್ಲಿಕಾಯಿಯಷ್ಟು ಬೆಣ್ಣೆ. ತಾನು ಉಂಡು ಎದ್ದ ಮೇಲೆ ಅವಳು ನಿಂಬೆಕಾಯಿಯಷ್ಟು ಹಚ್ಚಿಕೊಳ್ಳುವುದಿಲ್ಲವೆಂದು ಏನು ಖಾತ್ರಿ? ಎರಡು ಎಮ್ಮೆ ಕಟ್ಟಿದ ಯಜಮಾನನಿಗೇ ಇಂಥ ಘೋರ ಅನ್ಯಾಯ! (ಹಿಂಡುವವಳು, ಕಡೆಯುವವಳು ರೇಣುಕವ್ವ, ಆ ಮಾತು ಬೇರೆ.)

"ಅಡಿಗಿಮನಿಗೆ ಕಿಟಕಿ ಒಡೀತೀನಿ," ಎಂದು ಅಪ್ಪಣೆ ಹೊರಡಿಸಿದ.

"ಆ ಗ್ವಾಡಿ ಆಚಿಗೆ ಏನೈತಿ ಗೊತ್ತೈತೇನ್ರಿ?"

ದೇವಕ್ಕನ ಹಿತ್ತಲು, ಮತ್ತೇನು? ಪಕ್ಕದ ಮನೆಯ ಹಿತ್ತಲೆಂದರೆ ಹೆಂಗಸರ ರಾಜ್ಯ. ಗುಡದಪ್ಪ ಅದನ್ನು ಕಂಡು ಎಷ್ಟೋ ವರ್ಷವಾಗಿತ್ತು. ರೇಣುಕವ್ವ ಇನ್ನೇನೋ ಹೇಳಹೋದಳು. ಅವನು ಕೈಯೆತ್ತಿ ತಡೆದು ಹಾರೆ ಹಿಡಿದ.

ಮೂರನೆಯ ದಿನ ಗೋಡೆ ತೂತಾಯಿತು. ಗಾಳಿಯ ಬದಲು ಹೊಗೆ ನುಗ್ಗಿತು. ಹೊಗೆಯ ಹಿಂದೆ ದೇವಕ್ಕನ ಮುಖ. ಹೋದ ವರ್ಷವೇ ಅವಳು ಅದೇ ಗೋಡೆಗೆ ಆನಿಸಿ ಅಡಿಗೆಮನೆ ಕಟ್ಟಿಸಿ, ಬಲ್ಬನ್ನೂ ಹಾಕಿಸಿದ್ದಳು. ಇದ್ದ ಗೋಡೆ ಬಿಟ್ಟು ಬೇರೆ ಕಟ್ಟುವ ದಡ್ಡರು ಆ ಊರಲ್ಲಿಲ್ಲ.

ಹೆಂಗಸರಿಬ್ಬರಿಗೂ ಹಿಗ್ಗೋ ಹಿಗ್ಗು. ಉಪ್ಪು, ಕೆಂಡ, ಊರ ಸುದ್ದಿ ಎಲ್ಲ ಆ ತೂತಿನಲ್ಲೇ ಓಡಾಡತೊಡಗಿದವು. ಗುಡದಪ್ಪ ಉರಿದುಬಿದ್ದ. ಆದರೂ ಊಟ ಮುಗಿಸಿ ಕೈ ತೊಳೆದವನು ಮೆಲ್ಲಗೆ ಬಾಗಿಲ ಮರೆಗೆ ಬಂದು ನಿಂತ.

ದೇವಕ್ಕನ ಬಲ್ಬಿನ ಬೆಳಕು ನೇರ ರೇಣುಕವ್ವನ ಗಂಗಾಳಕ್ಕೆ ಬಿದ್ದಿತ್ತು. ನಿನ್ನೆಯ ರೊಟ್ಟಿ, ಒಂದು ಉಳ್ಳಾಗಡ್ಡಿ, ಖಾರ. ಬೆಣ್ಣೆಯ ಸುಳಿವಿರಲಿಲ್ಲ.

"ಕಾಕಿ, ಬೆಣ್ಣಿ ಎಲ್ಲೈತಿ?" ದೇವಕ್ಕ ತೂತಿನಿಂದ ಕೇಳಿದಳು.

"ಇದ್ದಷ್ಟೂ ಅವರಿಗೆ ಹಚ್ಚೀನಿ. ಬಿಸಿ ರೊಟ್ಟೀನೂ ಅವರಿಗೇ. ದಿನಾ ಹಿಂಗs."

ಗುಡದಪ್ಪನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ತನಗೆ ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಹೆಂಡತಿಯ ಮೇಲೆ ಸಿಟ್ಟೂ ಬಂತು. ಅಷ್ಟರಲ್ಲಿ ದೇವಕ್ಕ ನ್ಯಾಯ ತೀರಿಸಿಯೇಬಿಟ್ಟಿದ್ದಳು: ನಾಳೆಯಿಂದ ಎಲ್ಲದರಲ್ಲೂ ಸಮಪಾಲು.

ಮರುದಿನ ಅಡಿಗೆಮನೆಯಲ್ಲಿ ಉಣ್ಣಲು ಕೂತ ಗುಡದಪ್ಪನ ಗಂಗಾಳದಲ್ಲಿ ಒಂದು ಬಿಸಿ ರೊಟ್ಟಿ, ಒಂದು ನಿನ್ನೆಯದು, ಅರ್ಧ ನೆಲ್ಲಿಕಾಯಿಯಷ್ಟು ಬೆಣ್ಣೆ. ಅವನು ಬಿಸಿ ರೊಟ್ಟಿಯನ್ನಷ್ಟೇ ಮುರಿದು ಉಣ್ಣತೊಡಗಿದ.

"ಕಾಕಾ," ಗೋಡೆಯೊಳಗಿಂದ ದನಿ ಬಂತು, "ಆ ತಂಗಳ ರೊಟ್ಟಿ ಬಾಜು ಸರಸಬ್ಯಾಡ್ರಿ, ನನಗ ಕಾಣತೈತಿ."