ಅರ್ಥದ ಗುಂಡಿಯನ್ನು ಸುಧಾರಿಸಿದ ಮಹನೀಯರಿಗೆ

ಮಾನ್ಯ ಸುಧಾರಕರೇ,

ಒಡಹುಟ್ಟಿದ ತಮ್ಮನನ್ನು ಬಹುವಚನದಲ್ಲಿ ಸಂಬೋಧಿಸುವ ಭಾಗ್ಯ ಎಲ್ಲ ಅಕ್ಕಂದಿರಿಗೂ ಒದಗುವುದಿಲ್ಲ. ನನಗೆ ಒದಗಿಸಿಕೊಟ್ಟ ತಮಗೆ ಮೊದಲು ವಂದನೆಗಳು. ಮನೆಯಲ್ಲಿ ಬಾಯಿ ತೆರೆದರೆ ತಾವು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದರಿಂದ ಈ ಅಹವಾಲನ್ನು ನಮ್ಮ ಆಸ್ಪತ್ರೆಯ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ.

ಇಲ್ಲಿನ ನಮೂನೆಗಳನ್ನು ಸಾಮಾನ್ಯರಿಗೆ ತಿಳಿಯುವ ಮಾತಿಗೆ ಇಳಿಸುವುದು ನನ್ನ ಉದ್ಯೋಗವೆಂದು ತಾವು ಬಲ್ಲಿರಿ. ನಾಲ್ಕು ವರ್ಷದ ಹಿಂದೆ ತಾವೇ ನನ್ನ ಬ್ರೌಸರಿನ ಬುಕ್‌ಮಾರ್ಕ್ ಸಾಲಿನಲ್ಲಿ 'ಅರ್ಥ' ಎಂಬ ಪುಟ್ಟ ಗುಂಡಿಯೊಂದನ್ನು ಕೂರಿಸಿಕೊಟ್ಟಿರಿ. ಪದವನ್ನು ಆರಿಸಿ ಒತ್ತಿದರೆ ನಿಘಂಟು ತೆರೆದುಕೊಳ್ಳುತ್ತಿತ್ತು, ಒತ್ತದಿದ್ದರೆ ಸುಮ್ಮನಿರುತ್ತಿತ್ತು. ಸುಮ್ಮನಿರುವುದು ಎಷ್ಟು ದೊಡ್ಡ ಗುಣವೆಂದು ಆಗ ನನಗೆ ಹೊಳೆದಿರಲಿಲ್ಲ.

"'ಮನೆಗೆ' ಅಂತ ಹುಡುಕಿದ್ರೆ ಸಿಗಲ್ಲ ಕಣೋ, 'ಮನೆ' ಅಂದ್ರೆ ಮಾತ್ರ ಸಿಗುತ್ತೆ" ಎಂದು ಊಟದ ನಡುವೆ ಅಂದದ್ದು ನನ್ನದೇ ತಪ್ಪು. ತಾವು ಕೈ ತೊಳೆಯುವುದಕ್ಕೂ ಕಾಯದೆ ಸುಧಾರಣೆಗೆ ಕೂತಿರಿ. ಪದದ ಕೊನೆಯಲ್ಲಿ 'ಗೆ' ಕಂಡರೆ ಕತ್ತರಿಸಿ ಉಳಿದದ್ದರ ಅರ್ಥ ಹುಡುಕುವ ವಿದ್ಯೆಯನ್ನು ಗುಂಡಿಗೆ ಕಲಿಸಿದಿರಿ. ಮರುದಿನ 'ಗುಳಿಗೆ'ಯ ಅರ್ಥ ಕೇಳಿದೆ. ಅದು 'ಗುಳಿ'ಯಾಗಿ, ಸಣ್ಣ ಹಳ್ಳವೆಂಬ ವಿವರಣೆ ಬಂತು. ಇಷ್ಟು ಸಾಲದೆಂಬಂತೆ, ಒಮ್ಮೆ ಗುಂಡಿ ಒತ್ತಿದ ಪುಟದಲ್ಲಿ ಮೌಸು ತಗುಲಿದ ಪದವನ್ನೆಲ್ಲ ಎತ್ತಿಹಾಕಿ ಆ ಜಾಗದಲ್ಲಿ ಅದರ ಮೊದಲ ಅರ್ಥ ತಾನೇ ಹೋಗಿ ಕೂರುವ ಏರ್ಪಾಟನ್ನೂ ಮಾಡಿದಿರಿ. ನನಗೆ ತಿಳಿಸುವ ಸಣ್ಣ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕಿದಿರಿ.

ಹೀಗಾಗಿ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲಿ "ತಂದೆ, ತಾಯಿ, ಅಣ್ಣ ಅಥವಾ ಅತ್ತಿಗೆ ಸಹಿ ಹಾಕಬಹುದು" ಎಂದಿದ್ದದ್ದು "ತಂದೆ, ತಾಯಿ, ಅಣ್ಣ ಅಥವಾ ಒಂದು ಬಗೆಯ ಮರ ಸಹಿ ಹಾಕಬಹುದು" ಎಂದಾಗಿ ಅಚ್ಚಾಯಿತು; 'ಗೆ' ಕತ್ತರಿಸಿದ ಮೇಲೆ ಉಳಿದದ್ದು 'ಅತ್ತಿ' ತಾನೇ. ಕಳಿಸುವ ಮುನ್ನ ಇನ್ನೊಮ್ಮೆ ಓದದೆ ಹೋದವಳು ನಾನು, ಅದನ್ನು ಮುಚ್ಚಿಡುವುದಿಲ್ಲ.

ಕಳೆದ ಮಂಗಳವಾರ ಹೊಟ್ಟೆನೋವಿನಿಂದ ಮುದುಡಿಹೋಗಿದ್ದ ಹುಡುಗಿಯೊಬ್ಬಳನ್ನು ಅವಳ ಅತ್ತಿಗೆ ಕರೆತಂದರು. ಆ ಹುಡುಗಿಗೆ ಊರಲ್ಲಿದ್ದದ್ದು ಅವರೊಬ್ಬರೇ. ನಮ್ಮ ಕೌಂಟರಿನ ಗುಮಾಸ್ತರು ನಿಯಮವೆಂದರೆ ಪ್ರಾಣ ಬಿಡುವವರು, ಅಗತ್ಯ ಬಿದ್ದರೆ ಬೇರೆಯವರದನ್ನೂ. "ಇದರಲ್ಲಿ ಮರ ಅಂತಿದೆ ಅಮ್ಮಾ, ಅತ್ತಿಗೆ ಅಂತ ಇಲ್ಲ. ನಾನೇನು ಮಾಡ್ಲಿ?" ಎಂದು ಸಹಿ ತೆಗೆದುಕೊಳ್ಳಲೊಪ್ಪಲಿಲ್ಲ. ಕೊನೆಗೆ ಯಾರೋ ನನ್ನನ್ನು ಕೆಳಗೆ ಕರೆಸಿದರು. ಆ ಹೆಂಗಸು ನನ್ನತ್ತ ತಿರುಗಿ, "ಎರಡು ಗಂಟೆಯಿಂದ ಮರದ ಹಾಗೇ ನಿಂತಿದ್ದೀನಿ. ಈಗಲಾದ್ರೂ ಸಹಿ ಹಾಕಬಹುದಾ?" ಎಂದರು. ಅವರ ಮುಖದಲ್ಲಿ ನಗುವಿರಲಿಲ್ಲ. ನಾನು ಪೆನ್ನಿನಿಂದ ಮರವನ್ನು ಹೊಡೆದುಹಾಕಿ ಅತ್ತಿಗೆಯನ್ನು ಬರೆದೆ. ಅವರು ಸಹಿ ಹಾಕಿದರು. ಹುಡುಗಿ ಉಳಿದಳು. ಇನ್ನೂ ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ಹೇಳಿದರು.

ಸಂಜೆ ಇದನ್ನೆಲ್ಲ ಹೇಳಿದಾಗ ತಾವು "ಅಕ್ಕ, ಅದು ತಪ್ಪಲ್ಲ, ಹೊಸ ಸೌಲಭ್ಯ" ಎಂದಿರಿ. ಸಂತೋಷ. ಅತ್ತಿಗೆಯನ್ನು ಮರವಾಗಿಸಬಲ್ಲ ತಾವು ಮುಂದಿನ ಸುಧಾರಣೆಯಲ್ಲಿ ನಮ್ಮ ಗುಮಾಸ್ತರನ್ನು ಮನುಷ್ಯರನ್ನಾಗಿಸುವ ಸೌಲಭ್ಯವನ್ನೂ ಸೇರಿಸಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಹಳೆಯ ಸಾಮರ್ಥ್ಯವನ್ನು ಗುಂಡಿಗೆ ಮರಳಿಸಬೇಕು. ಸಾಧ್ಯವಾದರೆ ಅದರ ಒಂದು ಪ್ರತಿಯನ್ನು ತಾವೂ ಇಟ್ಟುಕೊಳ್ಳಬೇಕು.

ಇನ್ನೂ ಸುಧಾರಿಸದೆ ಉಳಿದಿರುವ,
ತಮ್ಮ ವಿಶ್ವಾಸಿ

ತಾ.ಕ.: ಮೇಲಿನ 'ತಮ್ಮ' ಎಂಬ ಪದವನ್ನು ಗೌರವಸೂಚಕವೆಂದು ಓದಬೇಕೋ, ಒಡಹುಟ್ಟಿದವನೆಂದು ಓದಬೇಕೋ ಎಂಬುದು ಭಾನುವಾರದೊಳಗೆ ಹಳೆಯ ಗುಂಡಿ ವಾಪಸು ಬರುವುದರ ಮೇಲೆ ನಿಂತಿದೆ.